ಬೋರ್ಡ್ ಹೈಸ್ಕೂಲಿಂದ ಕೆಪಿಎಸ್‌ವರೆಗೆ: ಪೇಟೆ ಅಂಚಿನ ಸರ್ಕಾರಿ ಹೈಸ್ಕೂಲಿನ ಮುಂದೆ ಈಗ ಇರುವ ಲೆಕ್ಕ

ಐನೂರು ಹೊಸ ಕರ್ನಾಟಕ ಪಬ್ಲಿಕ್ ಶಾಲೆ, ಅದಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ 2,500 ಕೋಟಿ ರೂಪಾಯಿ. 2025–26ರ ರಾಜ್ಯ ಬಜೆಟ್‌ನಲ್ಲಿ ಈ ಮಾತು ಬಂದ ಮೇಲೆ ಕರಾವಳಿಯ ಹಳೆ ಹೈಸ್ಕೂಲುಗಳ ಹಳೆ ವಿದ್ಯಾರ್ಥಿ ಸಂಘಗಳಲ್ಲಿ, ಎಸ್‌ಡಿಎಂಸಿ ಸಭೆಗಳಲ್ಲಿ ಕೇಳಿ ಬರುವುದು ಒಂದೇ ಪ್ರಶ್ನೆ: "ನಮ್ಮ ಶಾಲೆ ಆ ಪಟ್ಟಿಯಲ್ಲಿ ಉಂಟಾ, ಇಲ್ಲವಾ?" ಉಂಟು ಅಂತಾದರೆ ಕಟ್ಟಡ, ಲ್ಯಾಬು, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಂಪೌಂಡಿನಲ್ಲಿ ಓದು. ಇಲ್ಲ ಅಂತಾದರೆ? ಪಕ್ಕದ ಪಬ್ಲಿಕ್ ಶಾಲೆ ಮಕ್ಕಳನ್ನು ಎಳೆದುಕೊಂಡರೆ ಇಲ್ಲಿ ಉಳಿಯುವುದು ಯಾರು?

ಸರ್ಕಾರ ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎನ್ನುತ್ತಿದೆ. ವಿದ್ಯಾರ್ಥಿ ಸಂಘಟನೆಗಳು ಇದನ್ನು ನಂಬುವುದಿಲ್ಲ. "ಮ್ಯಾಗ್ನೆಟ್ ಶಾಲೆ" ಅಂದರೆ ಅಯಸ್ಕಾಂತ, ಅಯಸ್ಕಾಂತದ ಕೆಲಸವೇ ಎಳೆಯುವುದು ಎಂಬುದು ಅವರ ವಾದ. ಯಾರ ಮಾತು ಸರಿ ಎಂದು ತೀರ್ಮಾನಿಸುವ ಮೊದಲು ಈ ಹೈಸ್ಕೂಲುಗಳು ಪೇಟೆಯ ಅಂಚಿಗೆ ಬಂದದ್ದು ಹೇಗೆ, ಇಷ್ಟು ವರ್ಷ ನಡೆದದ್ದು ಹೇಗೆ ಎಂದು ನೋಡಬೇಕು. ಯಾಕೆಂದರೆ ಇವುಗಳ ಬೋರ್ಡು ಬದಲಾಗುತ್ತಿರುವುದು ಇದೇ ಮೊದಲಲ್ಲ.

ಗುಡ್ಡೆ ಮೇಲೆ ಶಾಲೆ ಯಾಕೆ?

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಹಳೆ ಸರ್ಕಾರಿ ಹೈಸ್ಕೂಲು ಹುಡುಕಬೇಕಾದರೆ ಏರು ಹತ್ತಬೇಕು. ಪದವು, ಪಡ್ಪು, ಗುಡ್ಡೆ ಅಂತ ಹೆಸರಿರುವ ಕಡೆಯೇ ಹೆಚ್ಚು. ಕಾರಣ ಸರಳ. ಗದ್ದೆ, ತೋಟದ ಜಾಗ ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಮುರಕಲ್ಲಿನ ಬೋಳು ಗುಡ್ಡೆಯಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ, ಹಾಗಾಗಿ ಅದು ಶಾಲೆಗೆ ಸಿಕ್ಕಿತು. ಕಲ್ಲು ಅಲ್ಲೇ ಕಡಿದರು, ಗೋಡೆ ಎಬ್ಬಿಸಿದರು, ಉಳಿದ ಜಾಗ ಮೈದಾನವಾಯಿತು. ಊರಿನವರು ದೂರ ಆಯ್ತು ಅಂತ ಗೊಣಗಿದ ಜಾಗ ಅದು. ಇವತ್ತು ಅದೇ ಗುಡ್ಡೆಯ ಸುತ್ತ ಲೇಔಟು, ಫ್ಲ್ಯಾಟು. ಸೆಂಟ್ಸಿನ ಲೆಕ್ಕದಲ್ಲಿ ಮಾರುವ ಜಾಗದ ನಡುವೆ ಎಕರೆಗಟ್ಟಲೆ ಮೈದಾನ ಇಟ್ಟುಕೊಂಡು ಕೂತಿರುವುದು ಈ ಸರ್ಕಾರಿ ಹೈಸ್ಕೂಲು ಮಾತ್ರ.

1956ಕ್ಕೆ ಮೊದಲು ಈ ಭಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಆಗ ಹೈಸ್ಕೂಲು ನಡೆಸುತ್ತಿದ್ದದ್ದು ಡಿಸ್ಟ್ರಿಕ್ಟ್ ಬೋರ್ಡ್. ಅದಕ್ಕೇ ಬೋರ್ಡ್ ಹೈಸ್ಕೂಲು ಎಂಬ ಹೆಸರು. ಉಡುಪಿಯಲ್ಲಿ, ಕುಂದಾಪುರದಲ್ಲಿ, ಪುತ್ತೂರಿನ ಕೊಂಬೆಟ್ಟಿನಲ್ಲಿ ಹಳಬರು ಇಂದಿಗೂ "ಬೋರ್ಡ್ ಹೈಸ್ಕೂಲು" ಅಂತಲೇ ಹೇಳುವುದು. ಆ ಡಿಸ್ಟ್ರಿಕ್ಟ್ ಬೋರ್ಡ್ ಹೋಗಿ ಎಷ್ಟೋ ದಶಕ ಆಯ್ತು. ರಿಕ್ಷಾದವರಿಗೆ ಆ ಹೆಸರು ಹೇಳಿದರೆ ಈಗಲೂ ಸರಿಯಾಗಿ ತಂದು ಬಿಡ್ತಾರೆ.

ಏಕೀಕರಣ ಆದಾಗ ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಎಂಬ ಐದು ಆಡಳಿತಗಳ ಐದು ನಮೂನೆಯ ಶಾಲೆಗಳು ಒಂದು ರಾಜ್ಯಕ್ಕೆ ಬಂದವು. ಕಲಬುರಗಿ, ಬೀದರ್ ಕಡೆ ನಿಜಾಮರ ಕಾಲದ ಉರ್ದು ಮಾಧ್ಯಮದ ಹೈಸ್ಕೂಲು, ಇಲ್ಲಿ ಮದ್ರಾಸಿನ ಪಠ್ಯ. ಇವನ್ನೆಲ್ಲ ಒಂದೇ ಪರೀಕ್ಷೆಯ ಅಡಿಗೆ ತರಲು ವರ್ಷಗಳೇ ಹಿಡಿದವು. ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಹುಟ್ಟಿದ್ದು 1966ರಲ್ಲಿ. ಅದೇ ಹೊತ್ತಿಗೆ ಕೊಠಾರಿ ಆಯೋಗ (1964–66) ಹತ್ತು, ಎರಡು, ಮೂರು ವರ್ಷಗಳ ಮಾದರಿ ಹೇಳಿತು. ಎರಡು ವರ್ಷದ ಪಿಯುಸಿ ಬಂದಾಗ ಹೊಸ ಕಟ್ಟಡ ಎಲ್ಲಿಂದ ತರುವುದು? ಇದ್ದ ಹೈಸ್ಕೂಲಿಗೇ ಸೇರಿಸಿದರು, ಹೊರಗೆ "ಸರ್ಕಾರಿ ಜೂನಿಯರ್ ಕಾಲೇಜು" ಅಂತ ಬೋರ್ಡು ಬಿತ್ತು. ಆಮೇಲೆ ಬೇರ್ಪಡಿಸಿ "ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ" ಎಂದರು. ಗೇಟು ಒಂದೇ, ಆಫೀಸು ಎರಡು, ಪ್ರಿನ್ಸಿಪಾಲರು ಒಬ್ಬರು, ಹೆಡ್‌ಮಾಷ್ಟ್ರು ಇನ್ನೊಬ್ಬರು, ಶೌಚಾಲಯದ ಬೀಗದ ಕೀ ಯಾರ ಕೈಯಲ್ಲಿ ಅನ್ನುವುದಕ್ಕೂ ತಕರಾರು. ಈಗ ಕೆಪಿಎಸ್ ಮತ್ತೆ ಎಲ್ಲವನ್ನೂ ಒಟ್ಟು ಮಾಡುವ ಯೋಜನೆ. ಕೂಡಿಸುವುದು, ಬಿಡಿಸುವುದು, ಮತ್ತೆ ಕೂಡಿಸುವುದು ಇಲಾಖೆಗೆ ಅಭ್ಯಾಸವಾಗಿ ಹೋಗಿದೆ.

ಹರೇಕಳದ ಲೆಕ್ಕ ಬೇರೆ

ಈ ಬೋರ್ಡ್ ಹೈಸ್ಕೂಲುಗಳೆಲ್ಲ ಮೇಲಿನಿಂದ ಬಂದ ಆದೇಶದಲ್ಲಿ ಹುಟ್ಟಿದವು. ಕೆಳಗಿನಿಂದ ಹುಟ್ಟಿದ ಶಾಲೆಗೆ ಉದಾಹರಣೆ ಬೇಕಾದರೆ ಮಂಗಳೂರಿನ ಹೊರವಲಯದ ಹರೇಕಳಕ್ಕೆ ಹೋಗಬೇಕು, ಅಲ್ಲಿನ ನ್ಯೂಪಡ್ಪುವಿಗೆ.

ಹರೇಕಳ ಹಾಜಬ್ಬರ ಕಥೆ ಎಲ್ಲರಿಗೂ ಗೊತ್ತು, ಪಠ್ಯದಲ್ಲೂ ಬಂದಿದೆ. 1977ರಿಂದ ಮಂಗಳೂರಿನ ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ದರ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ಬ್ಯಾರಿ, ತುಳು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ತನ್ನೂರಿನ ಮಕ್ಕಳಿಗೆ ಹಾಗಾಗಬಾರದು ಅಂತ ಹೊರಟರು. ಕಥೆಯ ಈ ಭಾಗವನ್ನು ಎಲ್ಲರೂ ಹೇಳ್ತಾರೆ. ಆಮೇಲಿನ ಭಾಗ ಅಷ್ಟಾಗಿ ಚರ್ಚೆಯಾಗುವುದಿಲ್ಲ, ಆದರೆ ಇವತ್ತಿನ ಪ್ರಶ್ನೆಗೆ ಬೇಕಾದದ್ದು ಅದೇ.

ಅವರು ಖಾಸಗಿ ಶಾಲೆ ತೆರೆಯಲಿಲ್ಲ. ಟ್ರಸ್ಟು ಮಾಡಿ ಫೀಸು ತೆಗೆದುಕೊಳ್ಳಲಿಲ್ಲ. ಸರ್ಕಾರಿ ಶಾಲೆಯೇ ಆಗಬೇಕು ಅಂತ ವರ್ಷಗಟ್ಟಲೆ ಕಚೇರಿ ಅಲೆದರು. ಆಗಿನ ಶಾಸಕ ಯು.ಟಿ. ಫರೀದ್ ಅವರ ಕಾಲದಲ್ಲಿ ಮಂಜೂರಾತಿ ಸಿಕ್ಕಿತು, 2000ದಲ್ಲಿ ಮಸೀದಿಗೆ ಸೇರಿದ ಜಾಗದಲ್ಲಿ 28 ಮಕ್ಕಳೊಂದಿಗೆ ಪ್ರಾಥಮಿಕ ಶಾಲೆ ಶುರುವಾಯಿತು. ಜಾಗಕ್ಕೆ, ಕಟ್ಟಡಕ್ಕೆ ಕಿತ್ತಳೆ ಮಾರಿದ ಉಳಿತಾಯ ಹಾಕಿದರು, ಸಾಲದ್ದಕ್ಕೆ ದಾನ ಕೇಳಿದರು. ಪ್ರಶಸ್ತಿಯಾಗಿ ಬಂದ ಹಣವೂ ಅಲ್ಲಿಗೇ ಹೋಯಿತು; ಸಿಎನ್‌ಎನ್‌–ಐಬಿಎನ್ ವಾಹಿನಿ "ರಿಯಲ್ ಹೀರೋ" ಅಂತ ಗುರುತಿಸಿ ಕೊಟ್ಟ 5 ಲಕ್ಷ ರೂಪಾಯಿಯೂ ಸೇರಿ. ಪ್ರಾಥಮಿಕದ ನಂತರ ಹೈಸ್ಕೂಲು ಬಂತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿದ್ದರು. ಕೊರೊನಾದಿಂದಾಗಿ ಪ್ರದಾನ ಆದದ್ದು 2021ರ ನವೆಂಬರ್ 8ಕ್ಕೆ, ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳ ಕೈಯಿಂದ ಪಡೆದರು. ಆ ಹೊತ್ತಿಗೆ ಶಾಲೆಯಲ್ಲಿ 10ನೇ ತರಗತಿವರೆಗೆ 175 ಮಕ್ಕಳು.

ದೆಹಲಿಯಿಂದ ಬಂದವರು ಸನ್ಮಾನದ ವೇದಿಕೆಯಲ್ಲಿ ಏನು ಕೇಳಿದರು? ಊರಿಗೆ ಪಿಯು ಕಾಲೇಜು. ಹತ್ತನೇ ಮುಗಿಸಿದ ಹೆಣ್ಣುಮಕ್ಕಳು ದೂರ ಹೋಗಬೇಕಾದರೆ ಮನೆಯಲ್ಲೇ ಉಳಿಯುತ್ತಾರೆ ಎಂಬುದು ಅವರಿಗೆ ಯಾವ ಸಮೀಕ್ಷೆಯೂ ಇಲ್ಲದೆ ಗೊತ್ತಿತ್ತು.

ಒಂದೇ ಕಡೆ ಎಲ್‌ಕೆಜಿಯಿಂದ ಪಿಯುಸಿ ಎಂಬ ಕೆಪಿಎಸ್ ಯೋಚನೆಗೂ ಹಾಜಬ್ಬರ ಬೇಡಿಕೆಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ದೂರದ ಲೆಕ್ಕದಲ್ಲಿ. ಹಾಜಬ್ಬರು ಶಾಲೆಯನ್ನು ಮಕ್ಕಳ ಹತ್ತಿರಕ್ಕೆ ತಂದರು. ಮ್ಯಾಗ್ನೆಟ್ ಯೋಜನೆ ಮಕ್ಕಳನ್ನು ಶಾಲೆಯ ಹತ್ತಿರಕ್ಕೆ ತರುವ ಮಾತಾಡುತ್ತಿದೆ. ಬಸ್ಸು ಸರಿಯಾಗಿದ್ದರೆ ಎರಡೂ ಒಂದೇ. ಕರಾವಳಿಯಲ್ಲಿ ಬಸ್ಸೇ ದೊಡ್ಡ ಪ್ರಶ್ನೆ.

ಬಸ್ಸಿನ ವಿಷಯಕ್ಕೆ ಬಂದರೆ

2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಉಚಿತ ಪ್ರಯಾಣ. ಹಾಸನದ ಹುಡುಗಿ ಆಧಾರ್ ತೋರಿಸಿ ಹೈಸ್ಕೂಲಿಗೆ ಹೋಗಬಹುದು. ಮಂಗಳೂರು, ಉಡುಪಿಯ ಒಳರಸ್ತೆಗಳಲ್ಲಿ ಓಡುವುದು ಬಹುತೇಕ ಖಾಸಗಿ ಸರ್ವೀಸ್ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು, ಆದರೂ ತಿಂಗಳಿಗೆ ದುಡ್ಡು ಆಗ್ತದೆ. ಒಂದು ಮನೆಯಿಂದ ಎರಡು, ಮೂರು ಮಕ್ಕಳು ಹೋಗುವುದಾದರೆ ಕೂಲಿ ಮಾಡುವವರಿಗೆ ಅದು ಸಣ್ಣ ಮೊತ್ತ ಅಲ್ಲ.

ಸೈಕಲ್ಲಿನ ಕಥೆಯೂ ಹಾಗೆ. 2006–07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಶುರುವಾದಾಗ ಬಯಲು ಸೀಮೆಯಲ್ಲಿ ಹುಡುಗಿಯರ ಸಾಲು ಸಾಲು ಸೈಕಲ್ ಕಂಡಿತು. ಇಲ್ಲಿ ಗುಡ್ಡೆಯ ಶಾಲೆಗೆ ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕು, ಮಳೆಗಾಲದಲ್ಲಿ ಕೊಡೆಯೂ ಹಿಡಿಯಬೇಕು. ಎಷ್ಟೋ ಸೈಕಲ್ ಅಣ್ಣನಿಗೋ ಅಪ್ಪನಿಗೋ ಹೋಯಿತು. ಕೊರೊನಾ ನಂತರ ಆ ಯೋಜನೆಯೂ ನಿಂತಿತು. ಬೆಂಗಳೂರಿನಲ್ಲಿ ಕೂತು ಐದು ಕಿಲೋಮೀಟರ್ ಅಂತ ನಕ್ಷೆಯಲ್ಲಿ ಗೆರೆ ಎಳೆದರೆ ನಡುವೆ ಹೊಳೆ ಉಂಟಾ, ಏರು ಉಂಟಾ, ಕಾಲುಸಂಕ ಮುಳುಗ್ತದಾ ಅಂತ ಗೊತ್ತಾಗುವುದಿಲ್ಲ. ಜೂನ್, ಜುಲೈಯಲ್ಲಿ ರಾತ್ರಿ ಎಂಟಕ್ಕೆ ಮಕ್ಕಳೆಲ್ಲ "ಡಿಸಿ ರಜೆ ಕೊಟ್ರಾ" ಅಂತ ಮೊಬೈಲು ಹಿಡಿದು ಕೂರುವ ಊರು ಇದು.

ಹರೇಕಳದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ನೇತ್ರಾವತಿಗೆ ಹರೇಕಳ–ಅಡ್ಯಾರ್ ನಡುವೆ ಕಿಂಡಿ ಅಣೆಕಟ್ಟಿನ ಜತೆ ಸೇತುವೆ ಬಂತು. ಹೊಳೆಯಾಚೆ ಹೆದ್ದಾರಿ, ಅಲ್ಲಿಂದ ಮಂಗಳೂರು. ಊರಿನವರಿಗೆ ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆ ಹತ್ತಿರ ಬಂದಾಗ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗಳೂ ಹತ್ತಿರ ಬರ್ತವೆ. ಅಂಚಿನ ಊರುಗಳ ಸರ್ಕಾರಿ ಶಾಲೆಗೆ ಮ್ಯಾಗ್ನೆಟ್‌ಗಿಂತ ಮೊದಲೇ ಅಂಟಿಕೊಂಡ ಅಯಸ್ಕಾಂತ ಅಂದರೆ ಮನೆ ಬಾಗಿಲಿಗೆ ಬರುವ ಹಳದಿ ವ್ಯಾನು. ಇದನ್ನು ಬಿಟ್ಟು ಕೆಪಿಎಸ್ ಒಂದನ್ನೇ ದೂರಿದರೆ ಅರ್ಧ ಸತ್ಯ ಹೇಳಿದಂತೆ.

ಮಾರ್ಕಿನ ಮರ್ಯಾದೆ

ಕರಾವಳಿ ಶಾಲೆಗಳ ದೊಡ್ಡ ಹೆಮ್ಮೆ ಎಸ್‌ಎಸ್‌ಎಲ್‌ಸಿ ಫಲಿತಾಂಶ. 2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ಎರಡನೆಯದು. ಯಾದಗಿರಿ ಕೊನೆ, ಶೇ. 50.59. ಆ ವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕ್ಯಾಮೆರಾ ಬಂದದ್ದೇ ತಡ, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಕೃಪಾಂಕ ಕೈಬಿಟ್ಟರು, ಫಲಿತಾಂಶ ಇನ್ನೂ ಇಳಿಯಿತು. 2021ರ ಕೊರೊನಾ ಕಾಲದ ಎರಡು ದಿನದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಕೂತವರೆಲ್ಲ ಪಾಸಾಗಿದ್ದರು. ನಾಲ್ಕು ವರ್ಷದಲ್ಲಿ ಇಷ್ಟು ಏರಿಳಿತ ಕಂಡ ಪರೀಕ್ಷೆಯ ಶೇಕಡಾವಾರು ಹಿಡಿದು ಒಂದು ಶಾಲೆ ಒಳ್ಳೆಯದು, ಒಂದು ಕೆಟ್ಟದು ಎನ್ನುವುದು ಕಷ್ಟ. ಪೋಷಕರು ಮಾತ್ರ ಗೇಟಿನ ಮೇಲೆ ಕಟ್ಟಿದ ಫ್ಲೆಕ್ಸ್ ನೋಡಿಯೇ ನಿರ್ಧಾರ ಮಾಡುವುದು.

ಇನ್ನೊಂದು ಲೆಕ್ಕ ನೋಡಿ. 2024ರಲ್ಲಿ 625ಕ್ಕೆ 625 ತೆಗೆದವಳು ಒಬ್ಬಳೇ. ಪೇಟೆಯ ದುಬಾರಿ ಶಾಲೆಯ ಹುಡುಗಿಯಲ್ಲ, ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಸರ್ಕಾರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು.

2025–26ನೇ ಸಾಲಿನಿಂದ ಪಾಸಾಗಲು ಒಟ್ಟು ಶೇ. 33 ಸಾಕು, ಅಂದರೆ 625ರಲ್ಲಿ 206, ಪ್ರತಿ ವಿಷಯದಲ್ಲಿ ಕನಿಷ್ಠ 30. ಇದರಿಂದ ಫಲಿತಾಂಶದ ಅಂಕಿ ಮೇಲೇಳುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಡ. ಗಣಿತದಲ್ಲಿ ಎರಡು, ಮೂರು ಮಾರ್ಕಿಗೆ ಕೂತುಬಿಡುತ್ತಿದ್ದ ಹುಡುಗನಿಗೆ ಐಟಿಐಗೋ ಪಿಯುಸಿಗೋ ದಾರಿ ತೆರೆಯಿತು ಎನ್ನುವುದು ಒಳ್ಳೆಯದೇ. ಗಣಿತ ಮಾಷ್ಟ್ರ ಹುದ್ದೆ ಖಾಲಿ ಇದ್ದರೆ ಅದು ಇದರಿಂದ ತುಂಬುವುದಿಲ್ಲ. ಅತಿಥಿ ಶಿಕ್ಷಕರ ಗೌರವಧನ 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿತು. ಏರಿದ ಮೇಲೂ ಪೇಟೆಯಲ್ಲಿ ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೆ ಸಿಗುವುದರ ಹತ್ತಿರಹತ್ತಿರವೇ ಉಂಟು.

ಸಂಪ್ರದಾಯ ಯಾರು ಉಳಿಸಿದ್ದು?

ಸರ್ಕಾರಿ ಹೈಸ್ಕೂಲಿಗೆ ಏನು ಸಂಪ್ರದಾಯ ಅಂತ ಕೇಳುವವರಿದ್ದಾರೆ. ಬೆಳಿಗ್ಗೆ ಅಸೆಂಬ್ಲಿ: ಪ್ರಾರ್ಥನೆ, ನಾಡಗೀತೆ, ಪೇಪರು ಓದುವುದು, ಈಗ ಸಂವಿಧಾನ ಪೀಠಿಕೆಯೂ ಸೇರಿದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ಕನ್ನಡದಲ್ಲಿ ಹೇಳುವ ಹೊತ್ತು ಅದು. ಆಗಸ್ಟ್ 15ಕ್ಕೆ ಬ್ಯಾಂಡ್ ಸೆಟ್ಟಿನ ಜತೆ ಪೇಟೆಯವರೆಗೆ ಮೆರವಣಿಗೆ, ಬರುವಾಗ ಅಂಗಡಿಯವರು ಕೊಡುವ ಮಿಠಾಯಿ. ಡಿಸೆಂಬರ್ ಹೊತ್ತಿಗೆ ವಾರ್ಷಿಕೋತ್ಸವ, ರಾತ್ರಿ ಮಕ್ಕಳ ಯಕ್ಷಗಾನವೋ ನಾಟಕವೋ. ಕಬಡ್ಡಿ, ವಾಲಿಬಾಲ್ ಟೀಮು. ಹತ್ತನೆಯವರ ಬೀಳ್ಕೊಡುಗೆಯ ದಿನ ಆ ಬ್ಯಾಚಿನವರು ದುಡ್ಡು ಹಾಕಿ ಶಾಲೆಗೊಂದು ವಸ್ತು ಕೊಡುವುದು: ಗೋಡೆ ಗಡಿಯಾರ, ಮೈಕು, ಊಟದ ಬಟ್ಟಲು. ಹಳೆ ಹೈಸ್ಕೂಲುಗಳ ಸ್ಟಾಫ್‌ರೂಮಿನಲ್ಲಿ ನಿಂತುಹೋದ ಗಡಿಯಾರಗಳ ಸಾಲನ್ನೇ ನೋಡಬಹುದು, ಒಂದೊಂದರ ಕೆಳಗೂ ಒಂದು ಇಸವಿ.

ಇದಕ್ಕೆಲ್ಲ ಇಲಾಖೆಯಿಂದ ಬರುವ ದುಡ್ಡು ಕಡಿಮೆ. ವಾರ್ಷಿಕೋತ್ಸವದ ಶಾಮಿಯಾನ, ಬಹುಮಾನದ ಸ್ಟೀಲ್ ಲೋಟ, ಕ್ರೀಡಾಕೂಟದ ಜೆರ್ಸಿ ಇದೆಲ್ಲ ಪೇಟೆಯ ಅಂಗಡಿಯವರ ಲೆಕ್ಕಕ್ಕೆ. ರಶೀದಿ ಪುಸ್ತಕ ಹಿಡಿದು ಮಾಷ್ಟ್ರು ಬಂದರೆ ಇಲ್ಲ ಅನ್ನುವವರು ಕಡಿಮೆ, ಯಾಕೆಂದರೆ ಅರ್ಧದಷ್ಟು ಅಂಗಡಿಯವರು ಅದೇ ಶಾಲೆಯಲ್ಲಿ ಕಲಿತವರು. 2007–08ರಲ್ಲಿ ಬಿಸಿಯೂಟ ಹೈಸ್ಕೂಲಿಗೆ ಬಂದ ಮೇಲೆ ಮಧ್ಯಾಹ್ನ ಗೇಟಿನೆದುರಿನ ಗೂಡಂಗಡಿಗೆ ವ್ಯಾಪಾರ ಇಳಿದಿರಬಹುದು. ಆದರೂ ಜೂನಿನಲ್ಲಿ ನೋಟುಬುಕ್ಕು, ಕೊಡೆ, ಚಪ್ಪಲಿ, ಮಾರ್ಚಿನಲ್ಲಿ ಪೆನ್ನು, ಝೆರಾಕ್ಸು ಇವು ಈ ಶಾಲೆಯ ಮಕ್ಕಳಿಂದಲೇ. ಪುಸ್ತಕ, ಯೂನಿಫಾರ್ಮು, ಶೂ ಎಲ್ಲ ಶಾಲೆಯೊಳಗೇ ಮಾರುವ ಕಡೆಗಳಲ್ಲಿ ಪೇಟೆಗೆ ಏನೂ ಬರುವುದಿಲ್ಲ. ಮಕ್ಕಳು ಬೇರೆ ಕಡೆಗೆ ಬಸ್ಸಿನಲ್ಲಿ ಹೋದರೆ ಅವರ ಹಿಂದೆಯೇ ಈ ವ್ಯಾಪಾರವೂ ಹೋಗುತ್ತದೆ. ಕೆಪಿಎಸ್ ಚರ್ಚೆಯಲ್ಲಿ ಈ ಮಾತನ್ನು ಯಾರೂ ಎತ್ತಿಲ್ಲ.

ಮೈದಾನ, ಖಾತೆ

ಕಡೆಗೆ ಜಾಗದ ಮಾತು. ಹೊರವಲಯದ ಹೈಸ್ಕೂಲಿನ ಮೈದಾನ ಊರಿಗೆಲ್ಲ ಮೈದಾನ. ಸಂಜೆ ಕ್ರಿಕೆಟ್, ಬೆಳಿಗ್ಗೆ ವಾಕಿಂಗ್, ನಡುವೆ ಎಲ್ಲಾ ಪಕ್ಷದ ಸಭೆ, ದೀಪಾವಳಿಗೆ ಪಟಾಕಿ ಅಂಗಡಿಯ ಸಾಲು. ಶಾಲೆ ಆವರಣ ಶೈಕ್ಷಣಿಕ ಚಟುವಟಿಕೆಗೆ ಮಾತ್ರ ಎಂದು ಶಿಕ್ಷಣ ಇಲಾಖೆ 2013ರಲ್ಲೇ ಸುತ್ತೋಲೆ ಹೊರಡಿಸಿದೆ. ಕಾರ್ಯಕ್ರಮ ಮುಗಿದ ಮರುದಿನ ಪ್ಲಾಸ್ಟಿಕ್ ಹೆಕ್ಕುವವರು ಮಾತ್ರ ಎನ್‌ಎಸ್‌ಎಸ್, ಸ್ಕೌಟ್ಸ್ ಮಕ್ಕಳು.

ಅದಕ್ಕಿಂತ ಗಂಭೀರವಾದದ್ದು ದಾಖಲೆ. ಹಿಂದೆ ಹಿರಿಯರು ಬಾಯಿಮಾತಿನಲ್ಲಿ ಜಾಗ ಬಿಟ್ಟುಕೊಟ್ಟರು, ಕೆಲವು ಕಡೆ ಕುಮ್ಕಿ ಜಾಗದಲ್ಲಿ ಶಾಲೆ ಎದ್ದಿತು. ದಾನಪತ್ರ ನೋಂದಣಿಯಾಗದೆ, ಆರ್‌ಟಿಸಿಯಲ್ಲಿ ಶಾಲೆಯ ಹೆಸರು ಕೂರದೆ ಉಳಿದದ್ದು ರಾಜ್ಯದಲ್ಲಿ ಎಷ್ಟೋ ಉಂಟು. ಅಜ್ಜ ಕೊಟ್ಟ ಜಾಗವನ್ನು ಮೊಮ್ಮಕ್ಕಳು ಕೇಳಿಕೊಂಡು ಬರುವುದು ಸೆಂಟ್ಸಿನ ಬೆಲೆ ಏರಿದ ಮೇಲೆ. ಶಾಲೆಯಲ್ಲಿ ಮಕ್ಕಳಿರುವಷ್ಟು ದಿನ ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳು ಕಡಿಮೆಯಾಗಿ ಬೀಗ ಬಿದ್ದರೆ ಬೇಲಿ ಒಂದೊಂದೇ ಅಡಿ ಒಳಗೆ ಬರ್ತದೆ. ಲೇಔಟಿನ ನಡುವೆ ಉಳಿದಿರುವ ಕೊನೆಯ ಸಾರ್ವಜನಿಕ ಜಾಗ ಇದೇ ಆದ್ದರಿಂದ, ಮಗು ಆ ಶಾಲೆಗೆ ಹೋಗದ ಮನೆಯವರಿಗೂ ಇದು ಸಂಬಂಧಪಟ್ಟದ್ದು.

ಹೈಸ್ಕೂಲು ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ಊರಿನವರೊಬ್ಬರು ಕಾರ್ಯಾಧ್ಯಕ್ಷರು. ಪಟ್ಟಿಯಲ್ಲಿ ಹೆಸರು ಸೇರಿಸಲು ಶಾಸಕರ ಕಚೇರಿಗೆ ಹೋಗುವ ನಿಯೋಗ ಜತೆಗೆ ಇನ್ನೆರಡು ಕಾಗದ ಒಯ್ಯಬಹುದು: ಶಾಲೆಯ ಜಾಗದ ಈಗಿನ ಆರ್‌ಟಿಸಿ ಪ್ರತಿ, ಖಾಲಿ ಇರುವ ಹುದ್ದೆಗಳ ವಿವರ. ಹೆಸರು ಪಟ್ಟಿಗೆ ಬರಲಿ, ಬಿಡಲಿ, ಈ ಎರಡು ಕೆಲಸಕ್ಕೆ ಏಷ್ಯನ್ ಬ್ಯಾಂಕಿನ ಸಾಲ ಬೇಕಾಗಿಲ್ಲ. ಮೂರನೆಯದು ಬಸ್ಸು. ಯಾವ ಶಾಲೆ ಮ್ಯಾಗ್ನೆಟ್ ಆಗುತ್ತದೋ ಅಲ್ಲಿಗೆ ಯಾವ ಒಳರಸ್ತೆಯಿಂದ, ಎಷ್ಟು ಗಂಟೆಗೆ, ಯಾರ ಖರ್ಚಿನಲ್ಲಿ ಬಸ್ಸು ಹೊರಡುತ್ತದೆ ಎನ್ನುವುದನ್ನು ಜೂನಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮಳೆ ಶುರುವಾದ ಮೇಲೆ ಕೇಳಿದರೆ ಆ ವರ್ಷದ ಎಂಟನೇ ತರಗತಿಯ ಹಾಜರಿ ಪುಸ್ತಕ ಆಗಲೇ ತುಂಬಿಯಾಗಿರುತ್ತದೆ, ಇಲ್ಲವೇ ಖಾಲಿಯಾಗಿರುತ್ತದೆ.